ಕಂದು ರೋಗದ ಜಾಡು ಹಿಡಿಯಲು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯುವ ಪಶುವೈದ್ಯರಿಗೆ ಯಶಸ್ಸಿನ ಸೂತ್ರಗಳು

ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿತೆಂದರೆ ಆ ಮನೆಗಾಗುವ ನಷ್ಟ ಒಂದು ಕರುವಿಗೆ ನಿಲ್ಲುವುದಿಲ್ಲ. ಆ ಸೂಲಿನ ಹಾಲು ಹೋಗುತ್ತದೆ. ಮಾಸು ಬೀಳದೆ ಹಸು ಸೊರಗುತ್ತದೆ. ಮತ್ತೆ ಗಬ್ಬ ನಿಲ್ಲುವುದು ತಡವಾಗುತ್ತದೆ. ಕೊಟ್ಟಿಗೆ ಬಳಿದು ಶುಚಿ ಮಾಡಿದ ಮನೆಯಾಕೆಗೆ ಕೆಲವು ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ ಶುರುವಾದರೂ ಆಶ್ಚರ್ಯವಿಲ್ಲ. ಇದೆಲ್ಲಕ್ಕೂ ಕಾರಣವಾಗಬಲ್ಲ ಬ್ಯಾಕ್ಟೀರಿಯಾ ಬ್ರುಸೆಲ್ಲಾ; ನಮ್ಮ ಪಶುಪಾಲನಾ ಇಲಾಖೆಯ ಮಾತಿನಲ್ಲಿ ಕಂದು ರೋಗ.

ರೋಗ ಇದೆಯೇ ಇಲ್ಲವೇ ಎಂಬುದನ್ನು ಹೇಳಲು ಇಂದು ಸುಲಭದ ಪರೀಕ್ಷೆಗಳಿವೆ. ಎಲ್ಲಿಂದ ಬಂತು ಎಂಬುದನ್ನು ಹೇಳಲು ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಓದಬೇಕು. ಒಂದು ಸೀಮೆಯ ತಳಿಯನ್ನು ಇನ್ನೊಂದು ಸೀಮೆಯ ತಳಿಯಿಂದ ಬೇರ್ಪಡಿಸುವ ವಂಶವಾಹಿ ಗುರುತುಗಳು, ಅಂದರೆ ಮಾರ್ಕರ್‌ಗಳು, ಅಲ್ಲಿರುತ್ತವೆ. ಕಡೂರಿನ ಕುರಿ ರೊಪ್ಪ, ತರೀಕೆರೆಯ ತೋಟದ ಮನೆಗಳ ಕೊಟ್ಟಿಗೆ, ಅಜ್ಜಂಪುರದ ಅಮೃತ್ ಮಹಲ್ ಕಾವಲು, ಇವು ಮೂರೂ ಒಂದು ದಿನದ ಬೈಕ್ ಸವಾರಿಯಲ್ಲಿ ಮುಗಿಯುವ ದೂರದಲ್ಲಿವೆ. ಸಾಕುವ ರೀತಿ ಮಾತ್ರ ಮೂರು ಕಡೆಯೂ ಬೇರೆ ಬೇರೆ. ಇಂಥ ಸೀಮೆಯಲ್ಲಿ ಕೆಲಸ ಮಾಡಲು ಸಿಗುವ ಯುವ ಪಶುವೈದ್ಯರೂ ಸಂಶೋಧನಾ ವಿದ್ಯಾರ್ಥಿಗಳೂ ಅದೃಷ್ಟವಂತರು. ಅವರಿಗಾಗಿ ಈ ಸೂತ್ರಗಳು.

1. ಮೊದಲು ಪ್ರಶ್ನೆ, ಆಮೇಲೆ ಪ್ರೈಮರ್

"ಜೀನ್ ಪರೀಕ್ಷೆ ಮಾಡಿಸೋಣ" ಎನ್ನುವುದು ಪ್ರಶ್ನೆಯಲ್ಲ. ಇದು ಬ್ರುಸೆಲ್ಲಾ ಹೌದೋ ಅಲ್ಲವೋ? ಹೌದಾದರೆ ದನ-ಎಮ್ಮೆಗಳ ಬ್ರುಸೆಲ್ಲಾ ಅಬಾರ್ಟಸ್ಸೋ, ಕುರಿ-ಮೇಕೆಗಳ ಬ್ರುಸೆಲ್ಲಾ ಮೆಲಿಟೆನ್ಸಿಸ್ಸೋ? ಲಸಿಕೆಯ ತಳಿಯೋ, ಕಾಡುವ ತಳಿಯೋ? ಪಕ್ಕದ ಊರಿನಲ್ಲಿ ಕಂಡದ್ದೂ ಇದೂ ಒಂದೇ ಮೂಲದವೋ? ಇವು ನಾಲ್ಕು ಬೇರೆ ಪ್ರಶ್ನೆಗಳು. ನಾಲ್ಕಕ್ಕೂ ಬೇರೆ ಬೇರೆ ಮಾರ್ಕರ್ ಬೇಕು. ಯಾವ ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಊರಿನಲ್ಲಿ ನಾಳೆ ಯಾರಾದರೂ ಬೇರೆ ರೀತಿ ನಡೆದುಕೊಳ್ಳುತ್ತಾರೋ ಅದನ್ನೇ ಮೊದಲು ಕೈಗೆತ್ತಿಕೊಳ್ಳಿ.

2. ಈ ಬ್ಯಾಕ್ಟೀರಿಯಾ ಎಷ್ಟು ನಿಧಾನವಾಗಿ ಬದಲಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಡಿ

ಬ್ರುಸೆಲ್ಲಾದ ಜೀನೋಮ್ ಎರಡು ವರ್ಣತಂತುಗಳಲ್ಲಿ ಹಂಚಿಕೊಂಡಿದೆ. ಒಂದರಲ್ಲಿ ಸುಮಾರು 21 ಲಕ್ಷ ಅಕ್ಷರ, ಇನ್ನೊಂದರಲ್ಲಿ ಸುಮಾರು 12 ಲಕ್ಷ. ಬೇರೆ ಬ್ಯಾಕ್ಟೀರಿಯಾಗಳು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪ್ಲಾಸ್ಮಿಡ್‌ಗಳು ಇದಕ್ಕಿಲ್ಲ. ಪ್ರಾಣಿಯ ಜೀವಕೋಶದೊಳಗೇ ಅಡಗಿ ಬಾಳುವುದರಿಂದ ಹೊರಗಿನವರ ಜೊತೆ ವಂಶವಾಹಿ ವಿನಿಮಯಕ್ಕೆ ಅವಕಾಶವೂ ಕಡಿಮೆ. ಹಾಗಾಗಿ ಹಸುವಿನ ಬ್ರುಸೆಲ್ಲಾ, ಮೇಕೆಯ ಬ್ರುಸೆಲ್ಲಾ ಎಂದು ನಾವು ಬೇರೆ ಪ್ರಭೇದಗಳಾಗಿ ಎಣಿಸುವವುಗಳ ಡಿಎನ್‌ಎ ಕೂಡ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಒಂದೇ.

ಅಷ್ಟು ಹೋಲುವವುಗಳ ನಡುವೆ ಕಡೂರಿನದ್ದು ಯಾವುದು, ತರೀಕೆರೆಯದ್ದು ಯಾವುದು ಎಂದು ಹೇಳಬೇಕಾದರೆ ಎಲ್ಲೋ ಒಂದು ಜೀನ್ ಓದಿದರೆ ಸಾಲದು. ಹೆಚ್ಚು ವ್ಯತ್ಯಾಸವಾಗುವ ಜಾಗ ಎಲ್ಲಿದೆಯೆಂದು ತಿಳಿದೇ ಅಲ್ಲಿಗೆ ಹೋಗಬೇಕು. ಹಿಂದಿನವರಿಗೆ ಡಿಎನ್‌ಎ ಓದುವ ಸೌಲಭ್ಯವಿರಲಿಲ್ಲ. ಬೆಳೆಯಲು ಇಂಗಾಲದ ಡೈಆಕ್ಸೈಡ್ ಬೇಕೋ ಬೇಡವೋ, ಥಯೊನಿನ್ ಮತ್ತು ಬೇಸಿಕ್ ಫುಕ್ಸಿನ್ ಬಣ್ಣಗಳನ್ನು ತಾಳಿಕೊಳ್ಳುತ್ತದೋ ಇಲ್ಲವೋ, ಹೈಡ್ರೋಜನ್ ಸಲ್ಫೈಡ್ ಬಿಡುತ್ತದೋ ಎಂದೆಲ್ಲ ನೋಡಿ 'ಬಯೋವಾರ್' ಎಂಬ ಗುಂಪುಗಳನ್ನು ಮಾಡಿದರು. ಶ್ರದ್ಧೆಯ ಕೆಲಸ ಅದು, ಇಂದಿಗೂ ಉಪಯುಕ್ತ. ಆದರೆ ಭಾರತದ ದನಗಳಲ್ಲಿ ಹೆಚ್ಚಾಗಿ ಸಿಗುವುದು ಬ್ರುಸೆಲ್ಲಾ ಅಬಾರ್ಟಸ್‌ನ ಬಯೋವಾರ್ 1. ಎರಡು ಊರುಗಳ ಮಾದರಿಗಳೂ "ಬಯೋವಾರ್ 1" ಎಂದು ಬಂದರೆ ಜಾಡು ಅಲ್ಲಿಗೇ ನಿಂತುಹೋಗುತ್ತದೆ.

3. ಪ್ರಶ್ನೆಗೆ ತಕ್ಕ ವೇಗದ ಮಾರ್ಕರ್ ಆರಿಸಿ

ಇಡೀ ಕೆಲಸದ ಗುಟ್ಟು ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಬ್ರುಸೆಲ್ಲಾ ಜೀನೋಮಿನಲ್ಲಿ ಐಎಸ್711 ಎಂಬ ಪುಟ್ಟ ತುಣುಕೊಂದು ಹಲವು ಕಡೆ ಕೂತಿದೆ. ಯಾವ ಪ್ರಭೇದದಲ್ಲಿ ಎಲ್ಲೆಲ್ಲಿ ಕೂತಿದೆ ಎಂಬುದು ಬೇರೆ ಬೇರೆ. ಅಮೆರಿಕದ ಬೆಟ್ಸಿ ಬ್ರಿಕರ್ ಮತ್ತು ಶರ್ಲಿ ಹಾಲಿಂಗ್ 1994ರಲ್ಲಿ ಇದನ್ನೇ ಆಧಾರವಾಗಿಟ್ಟು 'ಆಮೋಸ್ ಪಿಸಿಆರ್' ರೂಪಿಸಿದರು. ಈ ತುಣುಕು ಜಾಗ ಬದಲಿಸುವುದು ಅಪರೂಪ. ಆದ್ದರಿಂದ ಪ್ರಭೇದ ಹೇಳಲು ಅದು ಒಳ್ಳೆಯದು. ಊರು ಹೇಳಲು ಕೆಲಸಕ್ಕೆ ಬಾರದು. ಅದರಲ್ಲೂ ಆಮೋಸ್ ಅಬಾರ್ಟಸ್‌ನ 1, 2 ಮತ್ತು 4ನೆಯ ಬಯೋವಾರ್‌ಗಳನ್ನು ಮಾತ್ರ ಹಿಡಿಯುತ್ತದೆ. ಉಳಿದವು ಎದುರಿಗಿದ್ದರೂ ಜೆಲ್ ಖಾಲಿಯಾಗಿ ಕಾಣುತ್ತದೆ. ಯಾವ ಪರೀಕ್ಷೆಗೂ ಇಂಥ ಕುರುಡು ಜಾಗ ಇರುತ್ತದೆ. ಅದನ್ನು ತಿಳಿಯದೆ "ನೆಗೆಟಿವ್" ಎಂದು ಬರೆದುಕೊಡಬೇಡಿ.

ಇನ್ನೊಂದು ತುದಿಯಲ್ಲಿ ಬೇಗ ಬದಲಾಗುವ ಗುರುತುಗಳಿವೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಅಕ್ಷರಗುಂಪು ಸಾಲಾಗಿ ಮತ್ತೆ ಮತ್ತೆ ಬರುತ್ತದೆ, ಕಂಬಳಿಯ ಅಂಚಿನಲ್ಲಿ ಒಂದೇ ಚಿತ್ತಾರ ಸಾಲಾಗಿ ಬಂದ ಹಾಗೆ. ಬ್ಯಾಕ್ಟೀರಿಯಾ ಎರಡಾಗುವಾಗ ನಕಲು ತೆಗೆಯುವ ಯಂತ್ರ ಅಲ್ಲಿ ಜಾರಿ ಒಂದು ಸಲ ಹೆಚ್ಚೋ ಕಡಿಮೆಯೋ ಬರೆದುಬಿಡುತ್ತದೆ. ಒಂದು ತಳಿಯಲ್ಲಿ ಐದು ಸಲ, ಇನ್ನೊಂದರಲ್ಲಿ ಏಳು ಸಲ. 2003ರಲ್ಲಿ ಬ್ರಿಕರ್ ಮತ್ತು ಜೊತೆಗಾರರು ಎಂಟು ಅಕ್ಷರಗಳ ಇಂಥ ಪುನರಾವರ್ತನೆಗಳನ್ನು ಎಣಿಸಿ ತಳಿಗೊಂದು ಸಂಖ್ಯಾಸಾಲು ಕೊಡುವ ವಿಧಾನ ತಂದರು. ಮುಂದಿನ ನಾಲ್ಕು ವರ್ಷಗಳಲ್ಲಿ ಅದು ಹದಿನಾರು ಜಾಗಗಳನ್ನು ಎಣಿಸುವ ಎಂಎಲ್‌ವಿಎ-16 ಆಗಿ ಬೆಳೆಯಿತು. ಅದರಲ್ಲಿ ಎಂಟು ಜಾಗಗಳು ನಿಧಾನ. ಅವು ಪ್ರಭೇದವನ್ನೂ ದೊಡ್ಡ ಪ್ರದೇಶವನ್ನೂ ಹೇಳುತ್ತವೆ. ಉಳಿದ ಎಂಟರಲ್ಲಿ ಮೂರು ನಡುವಿನ ವೇಗದವು. ಐದು ಬಹಳ ಚುರುಕು. ಒಂದು ಮಂದೆಯಿಂದ ಇನ್ನೊಂದು ಮಂದೆಗೆ ಹಬ್ಬಿದ್ದನ್ನು ಕಾಣಲು ಈ ಐದು ಬೇಕು.

ಚುರುಕಾದವು ಮೋಸವನ್ನೂ ಮಾಡುತ್ತವೆ. ಐದರಿಂದ ಆರಾದದ್ದು ಮತ್ತೆ ಐದಾಗಬಹುದು. ಸಂಬಂಧವೇ ಇಲ್ಲದ ಎರಡು ತಳಿಗಳು ಆಕಸ್ಮಿಕವಾಗಿ ಒಂದೇ ಸಂಖ್ಯೆಗೆ ಬಂದು ನಿಲ್ಲಬಹುದು. ನಿಧಾನದ ಎಂಟು ಜಾಗ ಒಪ್ಪದೆ ಚುರುಕಿನ ಐದು ಮಾತ್ರ ಒಪ್ಪಿದರೆ ಸಂಬಂಧ ಹೇಳಬೇಡಿ.

ಇಂದು ಇಡೀ ಜೀನೋಮನ್ನೇ ಓದಿ, ಒಂದೊಂದೇ ಅಕ್ಷರದ ವ್ಯತ್ಯಾಸಗಳನ್ನು ಲೆಕ್ಕ ಹಾಕಿ ವಂಶವೃಕ್ಷ ಬರೆಯುವುದು ಸಾಧ್ಯವಾಗಿದೆ. ಅಂಥ ಅಕ್ಷರ ಬದಲಾವಣೆ ಹಿಂದಕ್ಕೆ ಮರಳುವುದು ತೀರಾ ಅಪರೂಪ, ಆದ್ದರಿಂದ ಅದರ ಮಾತು ಹೆಚ್ಚು ಗಟ್ಟಿ. ಕೈಯಲ್ಲಿ ಹಣವಿದ್ದರೆ ಆಯ್ದ ಕೆಲವು ಮಾದರಿಗಳಿಗೆ ಇದನ್ನು ಮಾಡಿಸಿ. ಇಲ್ಲದಿದ್ದರೆ ಎಂಎಲ್‌ವಿಎಯಿಂದಲೇ ಬಹಳಷ್ಟು ಸಾಧಿಸಬಹುದು. ಹಣವಿಲ್ಲವೆಂದು ಕೈಚೆಲ್ಲಿ ಕೂರಬೇಕಿಲ್ಲ.

4. ಲಸಿಕೆಯ ತಳಿಯನ್ನು ಎಲ್ಲಕ್ಕಿಂತ ಮೊದಲು ಬೇರ್ಪಡಿಸಿ

ಹಳ್ಳಿಗೆ ಅತಿ ಹೆಚ್ಚು ಉಪಯೋಗದ ಮಾರ್ಕರ್ ಇದು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಕಂದು ರೋಗವೂ ಸೇರಿದೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಂದೇ ಸಲ ಲಸಿಕೆ. ಈ ಲಸಿಕೆಯಲ್ಲಿರುವ ಎಸ್19 ಜೀವಂತ ಬ್ಯಾಕ್ಟೀರಿಯಾ. ಇದರ ಮೂಲ 1923ರಲ್ಲಿ ಅಮೆರಿಕದ ಜಾನ್ ಬಕ್ ಒಂದು ಜೆರ್ಸಿ ಹಸುವಿನ ಹಾಲಿನಿಂದ ಬೇರ್ಪಡಿಸಿದ ತಳಿ. ಕೋಣೆಯ ಉಷ್ಣತೆಯಲ್ಲೇ ವರ್ಷಕ್ಕೂ ಮಿಕ್ಕಿ ಉಳಿದ ಆ ತಳಿ ತನ್ನ ಉಗ್ರತೆ ಕಳೆದುಕೊಂಡಿತ್ತು.

ಎಸ್19 ಮತ್ತು ಕಾಡುವ ಬಯೋವಾರ್ 1 ರಕ್ತಪರೀಕ್ಷೆಯಲ್ಲಿ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತವೆ. ಡಿಎನ್‌ಎಯಲ್ಲಿ ಹಾಗಲ್ಲ. ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಹಸುವಿನ ಮಾಸಿನಲ್ಲಿ ಯಥೇಚ್ಛವಾಗಿರುತ್ತದೆ. ಕಾಡುವ ಬ್ರುಸೆಲ್ಲಾ ಅದನ್ನು ಆಸೆಯಿಂದ ಉಂಡು ಅಲ್ಲಿ ವಿಪರೀತ ಬೆಳೆಯುತ್ತದೆ. ಅದನ್ನು ಅರಗಿಸಿಕೊಳ್ಳುವ ಜೀನ್‌ಗಳ ಜಾಗದಲ್ಲಿ ಎಸ್19ಗೆ 702 ಅಕ್ಷರಗಳು ಕಳಚಿಹೋಗಿವೆ. ಆ ಜಾಗಕ್ಕೆ ಪ್ರೈಮರ್ ಹಾಕಿದರೆ ಲಸಿಕೆಯ ತಳಿಯಿಂದ ಚಿಕ್ಕ ತುಣುಕು ಬರುತ್ತದೆ, ಕಾಡುವ ತಳಿಯಿಂದ ದೊಡ್ಡದು. ಒಂದೇ ಜೆಲ್, ಒಂದೇ ಸಂಜೆಯ ಕೆಲಸ.

ಇದರ ಬೆಲೆ ಎಷ್ಟೆಂದು ಯೋಚಿಸಿ. ಗಬ್ಬವಿದ್ದ ದೊಡ್ಡ ಹಸುವಿಗೆ ಯಾರೋ ತಿಳಿಯದೆ ಲಸಿಕೆ ಹಾಕಿದರೆ ಲಸಿಕೆಯ ತಳಿಯಿಂದಲೇ ಅದು ಕಂದು ಹಾಕಬಹುದು. "ಲಸಿಕೆಯಿಂದಲೇ ರೋಗ ಬಂತು" ಎಂಬ ಮಾತು ಊರಿಂದೂರಿಗೆ ಹಬ್ಬಿದರೆ ಮುಂದಿನ ವರ್ಷ ಕರುಗಳನ್ನು ಹಿಡಿದುಕೊಡುವವರು ಯಾರು? ಆ ಮಾತು ನಿಜವೋ ಸುಳ್ಳೋ ಎಂದು ಈ ಒಂದು ಪಿಸಿಆರ್ ಹೇಳಬಲ್ಲದು. ನಿಜವಾದರೆ ಒಪ್ಪಿಕೊಂಡು ಲಸಿಕೆ ಹಾಕುವವರ ಕೆಲಸ ತಿದ್ದಬಹುದು. ಸುಳ್ಳಾದರೆ ಕಾಡುವ ತಳಿಯ ಬೆನ್ನು ಹತ್ತಬಹುದು. ಎರಡರಲ್ಲಿ ಯಾವುದಾದರೂ ರೈತನಿಗೆ ನಿಜ ಹೇಳಿದಂತಾಯಿತು.

5. ರಕ್ತದ ಮೇಲೆ ಮಾತ್ರ ಆತುಕೊಳ್ಳಬೇಡಿ

ರೋಸ್ ಬೆಂಗಾಲ್ ಪರೀಕ್ಷೆ, ಹಾಲಿನ ಉಂಗುರ ಪರೀಕ್ಷೆ, ಎಲೈಸಾ, ಇವೆಲ್ಲ ಹಸುವಿನ ಪ್ರತಿಕಾಯವನ್ನು ಹುಡುಕುತ್ತವೆ. ಬ್ಯಾಕ್ಟೀರಿಯಾ ಬಂದುಹೋದ ಸುದ್ದಿ ಮಾತ್ರ ಅಲ್ಲಿ ಸಿಗುತ್ತದೆ, ಯಾವ ತಳಿ ಎಂದಲ್ಲ. ಯೆರ್ಸಿನಿಯಾ ಎಂಟರೊಕೊಲಿಟಿಕಾ ಒ:9 ಎಂಬ ಬೇರೆಯದೇ ಬ್ಯಾಕ್ಟೀರಿಯಾ ತಗುಲಿದ್ದರೂ ರಕ್ತ ಬ್ರುಸೆಲ್ಲಾ ಎಂದೇ ಹೇಳಿಬಿಡಬಹುದು.

ತಳಿ ತಿಳಿಯಲು ಬೇಕಾದದ್ದು ಬ್ಯಾಕ್ಟೀರಿಯಾವೇ. ಅದು ತುಂಬಿರುವುದು ಮಾಸಿನಲ್ಲಿ, ಕಂದಿನ ಹೊಟ್ಟೆಯೊಳಗಿನ ದ್ರವದಲ್ಲಿ, ಶ್ವಾಸಕೋಶದಲ್ಲಿ, ಕಂದು ಹಾಕಿದ ಹಸುವಿನ ಯೋನಿಸ್ರಾವದಲ್ಲಿ, ಹಾಲಿನಲ್ಲಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಸೋರದ ಮೂರು ಪದರದ ಕಟ್ಟಿನಲ್ಲಿ ಅದೇ ದಿನ ಸಾಗಿಸಿ. ಫಾರ್ಮಾಲಿನ್‌ಗೆ ಹಾಕಬೇಡಿ, ಬ್ಯಾಕ್ಟೀರಿಯಾ ಸಾಯುತ್ತದೆ, ಡಿಎನ್‌ಎಯೂ ಕೆಡುತ್ತದೆ. ಬ್ರುಸೆಲ್ಲಾ ಬೆಳೆಯುವುದು ನಿಧಾನ. ಮೂರು ದಿನಕ್ಕೆ ಏನೂ ಕಾಣಲಿಲ್ಲವೆಂದು ಪ್ಲೇಟ್ ಎಸೆಯುವವರಿಗೆ ಈ ಬ್ಯಾಕ್ಟೀರಿಯಾ ಸಿಗುವುದಿಲ್ಲ.

6. ಕೈಗವಸು ಹಾಕದೆ ಕಂದನ್ನು ಮುಟ್ಟಬೇಡಿ

1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು ಪ್ರಾಣಿಯಲ್ಲಲ್ಲ, ಜ್ವರದಿಂದ ಸತ್ತ ಸೈನಿಕರ ದೇಹದಲ್ಲಿ. ಅದು ಬಂದದ್ದು ನೋಡಲು ಆರೋಗ್ಯವಾಗಿದ್ದ ಮೇಕೆಗಳ ಹಾಲಿನಿಂದ ಎಂಬುದು ತಿಳಿಯಲು 1905ರವರೆಗೆ, ಥೆಮಿಸ್ಟಾಕ್ಲಿಸ್ ಝಾಮಿತ್ ಎಂಬ ವೈದ್ಯನವರೆಗೆ ಕಾಯಬೇಕಾಯಿತು. ಪಶುವೈದ್ಯರು, ಕುರಿಗಾಹಿಗಳು, ಹೆರಿಗೆ ಮಾಡಿಸುವ ಮನೆಯವರು, ಪ್ರಯೋಗಾಲಯದವರು, ಇವರೇ ಇಂದಿಗೂ ಮೊದಲು ಬೀಳುವವರು. ಕೈಗವಸು, ಮುಖಗವಸು, ಕನ್ನಡಕ, ಗಮ್‌ಬೂಟು, ಇವುಗಳಲ್ಲಿ ಒಂದೂ ತಪ್ಪಬಾರದು. ಎಸ್19 ಲಸಿಕೆಯ ಸೂಜಿ ಕೈಗೆ ಚುಚ್ಚಿದರೂ ರೋಗ ಬರಬಹುದು. ತಡಮಾಡದೆ ವೈದ್ಯರ ಬಳಿ ಹೋಗಿ. ಬ್ಯಾಕ್ಟೀರಿಯಾ ಬೆಳೆಸುವ ಕೆಲಸವನ್ನು ಮೂರನೆಯ ಹಂತದ ಜೈವಿಕ ಸುರಕ್ಷತೆಯಿರುವ ಪ್ರಯೋಗಾಲಯದಲ್ಲಿ ಮಾತ್ರ ಮಾಡಿಸಬೇಕು. ಅದನ್ನು ಅಲ್ಲಿ ಕೊಂದು ಡಿಎನ್‌ಎ ತೆಗೆದ ಮೇಲೆ ನಿಮ್ಮ ಸಾಮಾನ್ಯ ಪ್ರಯೋಗಾಲಯದಲ್ಲಿ ಮಾರ್ಕರ್ ಕೆಲಸ ಮಾಡಬಹುದು.

ಕೊಟ್ಟಿಗೆಯ ಮನೆಯಲ್ಲಿ ಯಾರಿಗಾದರೂ ಸಂಜೆ ಜ್ವರ, ರಾತ್ರಿ ಬೆವರು, ಕೀಲುನೋವು ವಾರಗಟ್ಟಲೆ ಇದೆಯೇ ಎಂದು ಕೇಳಿ. ಟೈಫಾಯ್ಡ್ ಎಂದೇ ಔಷಧಿ ನುಂಗುತ್ತಿರಬಹುದು. "ನಮ್ಮಲ್ಲಿ ಹಸು ಕಂದು ಹಾಕಿದೆ" ಎಂದು ವೈದ್ಯರಿಗೆ ಹೇಳಿ ಎಂದು ಹೇಳಿಬನ್ನಿ. ಹಾಲನ್ನು ಕಾಯಿಸಿಯೇ ಕುಡಿಯಿರಿ ಎಂಬುದನ್ನೂ.

7. ಚೀಟಿಯ ಮೇಲೆ ತಾಲ್ಲೂಕು ಬರೆದು ಸುಮ್ಮನಾಗಬೇಡಿ

"ಪ್ರಾದೇಶಿಕ ತಳಿ" ಎಂಬ ಮಾತಿನಲ್ಲಿ ಅರ್ಧ ಭಾಗ ಜೀನ್, ಇನ್ನರ್ಧ ಊರು. ಜೀನ್ ಓದಲು ಲಕ್ಷಗಟ್ಟಲೆ ಖರ್ಚು ಮಾಡುವವರು ಊರಿನ ಹೆಸರನ್ನು ಅಂಕುಡೊಂಕಾಗಿ ಗೀಚಿ ಬಿಡುವುದು ನೋವಿನ ಸಂಗತಿ.

ನಮ್ಮ ಸೀಮೆಯನ್ನೇ ನೋಡಿ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹಳೆಯ ದಾಖಲೆಯಲ್ಲಿ "ಕಡೂರು" ಎಂದಿದ್ದರೆ ಅದು ಇಂದಿನ ಕಡೂರು ತಾಲ್ಲೂಕು ಆಗಿರಬಹುದು, ಕೊಪ್ಪವೋ ಮೂಡಿಗೆರೆಯೋ ಆಗಿರಬಹುದು. ಒಂದು ಕಡೆ ಬಯಲುಸೀಮೆಯ ಬಿಸಿಲು, ಇನ್ನೊಂದು ಕಡೆ ಮಲೆನಾಡಿನ ಮಳೆ. ಅಜ್ಜಂಪುರ ಈಚಿನವರೆಗೆ ತರೀಕೆರೆ ತಾಲ್ಲೂಕಿನ ಹೋಬಳಿ. ಈಗ ತಾನೇ ತಾಲ್ಲೂಕು. ಹತ್ತು ಹದಿನೈದು ವರ್ಷದ ಹಿಂದಿನ "ತರೀಕೆರೆ" ಮಾದರಿ ಶಿವನಿಯ ಕಡೆಯದ್ದೋ ಲಕ್ಕವಳ್ಳಿಯ ಕಡೆಯದ್ದೋ ಚೀಟಿಯಿಂದ ಹೇಗೆ ತಿಳಿಯಬೇಕು? ಗೊಲ್ಲರಹಟ್ಟಿ, ಹೊಸಹಳ್ಳಿ ಎಂಬ ಹೆಸರಿನ ಊರುಗಳಂತೂ ಹೋಬಳಿಗೊಂದು.

ಆದ್ದರಿಂದ ಗ್ರಾಮ, ಹೋಬಳಿ, ತಾಲ್ಲೂಕು, ಕಾವಲಾದರೆ ಕಾವಲಿನ ಹೆಸರು, ಮೊಬೈಲಿನಲ್ಲಿ ತೋರುವ ಅಕ್ಷಾಂಶ-ರೇಖಾಂಶ, ತೆಗೆದ ದಿನಾಂಕ, ಪ್ರಾಣಿಯ ಕಿವಿಯೋಲೆಯ ಹನ್ನೆರಡು ಅಂಕಿ, ಎಷ್ಟನೆಯ ಸೂಲು, ಲಸಿಕೆ ಆಗಿದೆಯೋ ಇಲ್ಲವೋ, ಇವಿಷ್ಟೂ ಇರಲಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಮಂಜುಗಡ್ಡೆಯ ನೀರು ಶಾಯಿಯನ್ನು ಅಳಿಸುತ್ತದೆ.

8. ಹಸು ಹುಟ್ಟಿದ ಊರು ಕೇಳಿ, ಕಟ್ಟಿದ ಊರಷ್ಟೇ ಅಲ್ಲ

ಬ್ಯಾಕ್ಟೀರಿಯಾ ತಾನಾಗಿ ನಡೆಯುವುದಿಲ್ಲ. ಸಂತೆಯಲ್ಲಿ ಕೊಂಡ ಹಸುವಿನ ಜೊತೆ, ತವರಿಂದ ಬಂದ ಕರುವಿನ ಜೊತೆ, ಪಾಲಿಗೆ ಕೊಟ್ಟ ಮೇಕೆಯ ಜೊತೆ, ಬೆದೆಗೆ ಬಿಟ್ಟ ಹೋರಿಯ ಜೊತೆ ಅದು ಬರುತ್ತದೆ. ಕೊಯ್ಲಾದ ಗದ್ದೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಕುರಿ ಮಂದೆಗಳು ರಾತ್ರಿ ತಂಗುತ್ತವೆ. ಗೊಬ್ಬರಕ್ಕಾಗಿ ರೈತರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಅದೇ ಬಯಲಿಗೆ ಮರುದಿನ ಊರದನ ಬರುತ್ತವೆ.

ಅಮೃತ್ ಮಹಲ್ ರಾಸುಗಳ ಕಥೆ ಬೇರೆ. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಹೈದರ್, ಟಿಪ್ಪುವಿನ ಸೈನ್ಯದ ಬಂಡಿ-ಫಿರಂಗಿ ಎಳೆಯುವವರೆಗೆ ನಡೆದುಬಂದ ಈ ತಳಿಗೆ ಅಜ್ಜಂಪುರದ ಸಂವರ್ಧನಾ ಕೇಂದ್ರ 1929ರಿಂದ ನೆಲೆ. ಕಾವಲುಗಳಲ್ಲಿ ಬಯಲಲ್ಲೇ ಮೇಯುವ, ಬಯಲಲ್ಲೇ ಕರು ಹಾಕುವ ಮಂದೆಗಳಿವು. ಹೋರಿಗರುಗಳು ಹರಾಜಿನಲ್ಲಿ ಹೊರ ಜಿಲ್ಲೆಗಳಿಗೆ ಹೋಗುತ್ತವೆ. ಹೊರಗಿನಿಂದ ಒಳಕ್ಕೆ ಬರುವುದು ತೀರಾ ಕಡಿಮೆ. ತರೀಕೆರೆಯ ತೋಟದ ಮನೆಯ ಮಿಶ್ರತಳಿ ಹಸುವಾದರೋ ಮೂರು ಕೈ ಬದಲಾಗಿ ಬಂದಿರಬಹುದು. ಒಂದೇ ಮಾರ್ಕರ್ ಸಂಖ್ಯೆ ಈ ಎರಡು ಕಡೆ ಸಿಕ್ಕರೆ ಅದಕ್ಕೆ ಒಂದೇ ಅರ್ಥ ಕೊಡಲಾಗದು. ಹಿಂದಿನ ಐದು ವರ್ಷದಲ್ಲಿ ಕೊಟ್ಟಿಗೆಗೆ ಬಂದುಹೋದ ಪ್ರತಿ ಪ್ರಾಣಿಯ ಪಟ್ಟಿ ಮಾಡಿ. ಮನೆಯ ಹೆಂಗಸರನ್ನು ಕೇಳಿ; ಯಾವ ಹಸು ಯಾವ ಹಬ್ಬದ ಹೊತ್ತಿಗೆ ಬಂತು ಎಂಬುದು ಅವರಿಗೆ ನೆನಪಿರುತ್ತದೆ.

9. ಊರಿನ ವ್ಯತ್ಯಾಸವನ್ನೂ ಪ್ರಾಣಿಯ ವ್ಯತ್ಯಾಸವನ್ನೂ ಕಲಸಬೇಡಿ

ಕಡೂರಿನ ಯಗಟಿ, ಪಂಚನಹಳ್ಳಿ ಕಡೆಯಿಂದ ಕುರಿಯ ಮಾದರಿಗಳನ್ನಷ್ಟೇ ತಂದಿರಿ. ಅಜ್ಜಂಪುರದಿಂದ ದನದವನ್ನಷ್ಟೇ ತಂದಿರಿ. ಎರಡು ಗುಂಪು ಸ್ಪಷ್ಟವಾಗಿ ಬೇರೆ ಬಂದವು. "ಕಡೂರಿನ ತಳಿಯೇ ಬೇರೆ" ಎಂದು ಬರೆದರೆ ಅದು ತಪ್ಪು. ಕುರಿಯ ಮೆಲಿಟೆನ್ಸಿಸ್ಸನ್ನೂ ದನದ ಅಬಾರ್ಟಸ್ಸನ್ನೂ ಬೇರೆ ಎಂದು ಕಂಡುಹಿಡಿದದ್ದಷ್ಟೇ ಆಯಿತು, ಅದು ಮೊದಲೇ ಗೊತ್ತಿತ್ತು. ಮೂರೂ ತಾಲ್ಲೂಕಿನಿಂದ ದನವೂ ಇರಲಿ, ಕುರಿ-ಮೇಕೆಯೂ ಇರಲಿ. ಕುರಿ ಮತ್ತು ದನ ಒಂದೇ ಸೂರಿನಡಿ ಇರುವ ಮನೆಗಳನ್ನು ಹುಡುಕಿ ಸೇರಿಸಿ. ಮೆಲಿಟೆನ್ಸಿಸ್ ದನಕ್ಕೆ ದಾಟಬಲ್ಲದು. ದಾಟಿದ್ದು ಸಿಕ್ಕರೆ ನಿಮ್ಮ ಇಡೀ ಅಧ್ಯಯನದ ಅತಿ ಬೆಲೆಯುಳ್ಳ ಫಲ ಅದೇ ಆದೀತು.

ಜಿಲ್ಲೆಯ ಹೊರಗಿನ ಮಾದರಿಗಳೂ ಬೇಕು. ಹೊಸದುರ್ಗ, ಅರಸೀಕೆರೆ, ಭದ್ರಾವತಿಯವುಗಳ ಪಕ್ಕದಲ್ಲಿಟ್ಟು ನೋಡದೆ "ಇದು ನಮ್ಮ ಸೀಮೆಯದ್ದು" ಎನ್ನುವುದು ಸಾಧ್ಯವಿಲ್ಲ.

10. ಕಂಟ್ರೋಲ್ ಇಲ್ಲದ ಜೆಲ್ಲನ್ನು ನಂಬಬೇಡಿ

ಅಬಾರ್ಟಸ್ 544, ಮೆಲಿಟೆನ್ಸಿಸ್ 16ಎಂ ಎಂಬ ಜಾಗತಿಕ ಮಾದರಿ ತಳಿಗಳ ಡಿಎನ್‌ಎ, ಎಸ್19ರ ಡಿಎನ್‌ಎ, ಡಿಎನ್‌ಎಯೇ ಇಲ್ಲದ ನೀರಿನ ನಳಿಕೆ, ಇಷ್ಟೂ ಪ್ರತಿ ಸಲ ಜೊತೆಗಿರಲಿ. ನೀರಿನ ನಳಿಕೆಯಲ್ಲಿ ಗೆರೆ ಕಂಡರೆ ಆ ದಿನದ ಫಲಿತಾಂಶವೆಲ್ಲ ತಿಪ್ಪೆಗೆ.

11. ಬೇರೆ ರೋಗದ ಸೂತ್ರವನ್ನು ಇದಕ್ಕೆ ಅಂಟಿಸಬೇಡಿ

ಒಂದೊಂದು ಬ್ಯಾಕ್ಟೀರಿಯಾಕ್ಕೂ ಊರಿನ ಜೊತೆಗಿನ ಸಂಬಂಧ ಬೇರೆ. ನೆರಡಿ ರೋಗದ ಬ್ಯಾಸಿಲಸ್ ಆಂಥ್ರಾಸಿಸ್ ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಮಲಗಿರುತ್ತದೆ. ಮಲಗಿರುವಷ್ಟು ಕಾಲ ಅದರ ಡಿಎನ್‌ಎ ಬದಲಾಗುವುದಿಲ್ಲ. ಅಲ್ಲಿ ಮಣ್ಣೇ ಊರು, ಮತ್ತು ಒಂದು ಅಕ್ಷರದ ವ್ಯತ್ಯಾಸವೂ ದೊಡ್ಡ ಸಾಕ್ಷಿ. ಗಳಲೆ ರೋಗದ ಪಾಶ್ಚುರೆಲ್ಲಾದಲ್ಲಿ ಖಂಡಗಳ ಮಟ್ಟದಲ್ಲೇ ವ್ಯತ್ಯಾಸ ಕಾಣುತ್ತದೆ: ಏಷ್ಯಾದ್ದು ಬಿ:2, ಆಫ್ರಿಕಾದ್ದು ಮುಖ್ಯವಾಗಿ ಇ:2, ಹೊರಕವಚದ ಜೀನ್‌ಗಳ ಮೇಲಿನ ಪಿಸಿಆರ್ ಇದನ್ನು ಹೇಳಿಬಿಡುತ್ತದೆ. ಬ್ರುಸೆಲ್ಲಾ ಇವೆರಡರಂತೆಯೂ ಅಲ್ಲ. ಅದು ಪ್ರಾಣಿಯ ಜೊತೆಗೇ ಇರುತ್ತದೆ, ಪ್ರಾಣಿಯ ಜೊತೆಗೇ ಊರು ಬಿಡುತ್ತದೆ. ಹೊರಗೆ ತೇವದ ನೆರಳಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದಾದರೂ ನೇರ ಬಿಸಿಲಿಗೆ ಬಹಳ ಹೊತ್ತು ತಾಳದು.

ಇಲ್ಲೊಂದು ಎಚ್ಚರಿಕೆ. ದಿಢೀರನೆ ಸತ್ತು ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿರುವ ಪ್ರಾಣಿಯನ್ನು ಮಾದರಿಗಾಗಿ ಎಂದಿಗೂ ಕೊಯ್ಯಬೇಡಿ. ನೆರಡಿಯಾಗಿದ್ದರೆ ಗಾಳಿ ತಾಗಿದ ಕೂಡಲೇ ಬೀಜಕವಾಗಿ ಆ ನೆಲವನ್ನು ಕೆಡಿಸುತ್ತದೆ.

12. ಒಬ್ಬರೇ ಹೊರಡಬೇಡಿ

ಕರ್ನಾಟಕದಲ್ಲಿ ಈ ಕೆಲಸಕ್ಕೆ ಬೇಕಾದ ಬಲ ಇದೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ 1925ರಲ್ಲಿ ದೊಡ್ಡರೋಗದ ಕಾಲದಲ್ಲಿ ಸೀರಂ ಸಂಸ್ಥೆಯಾಗಿ ಹುಟ್ಟಿದ್ದು. ಇಂದು ರೋಗಪತ್ತೆ, ಲಸಿಕೆ ತಯಾರಿಕೆ ಎರಡೂ ಅಲ್ಲಿವೆ. ಯಲಹಂಕದ ಬಳಿಯ ರಾಮಗೊಂಡನಹಳ್ಳಿಯಲ್ಲಿ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ಮಾಹಿತಿ ಸಂಸ್ಥೆಯಿದೆ. ನಿವೇದಿ ಎಂದೇ ಹೆಸರಾದ ಇಲ್ಲಿ ಬ್ರುಸೆಲ್ಲಾ ಮೇಲಿನ ಕೆಲಸಕ್ಕೆ ದೀರ್ಘ ಪರಂಪರೆಯುಂಟು. ಕಡೂರು-ಬೀರೂರಿನಿಂದ ರೈಲಿನಲ್ಲೇ ಹೋಗಿಬರಬಹುದಾದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ, ಇಲಾಖೆಯ ಅನುಮತಿಯೊಂದಿಗೆ ಇವರನ್ನು ಮೊದಲೇ ಕಂಡು ಯಾವ ಮಾದರಿ, ಯಾವ ಕಟ್ಟು, ಯಾವ ಮಾರ್ಕರ್ ಎಂದು ಒಪ್ಪಂದ ಮಾಡಿಕೊಳ್ಳಿ. ಕುರಿಗಾಹಿಗಳನ್ನೂ ಕಾವಲಿನ ಸೇರ್ವೆಗಾರರನ್ನೂ ಅಷ್ಟೇ ಗೌರವದಿಂದ ಜೊತೆ ಮಾಡಿಕೊಳ್ಳಿ. ಕಂದು ಬಿದ್ದ ಸುದ್ದಿ ಮೊದಲು ತಲುಪುವುದು ಅವರಿಗೆ.

13. "ಕಡೂರು ತಳಿ" ಎಂದು ಹೆಸರಿಡಬೇಡಿ

ಸಂಖ್ಯೆ ಕೊಡಿ, ಊರಿನ ಹೆಸರು ಬೇಡ. ರೋಗಕ್ಕೆ ಊರಿನ ಹೆಸರು ಅಂಟಿದರೆ ಆ ಊರಿನ ಹಸುವಿಗೆ ಸಂತೆಯಲ್ಲಿ ಬೆಲೆ ಬೀಳುತ್ತದೆ. ಮುಂದಿನ ಸಲ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ರೈತರ ಹೆಸರಂತೂ ವರದಿಯಲ್ಲಿ ಬರಲೇಬಾರದು.

14. ಫಲಿತಾಂಶವನ್ನು ಕೊಟ್ಟಿಗೆಗೆ ಮರಳಿಸಿ

ರೋಗದ ಹಸುಗಳನ್ನೆಲ್ಲ ಕೊಂದು ಮಂದೆ ಶುದ್ಧಮಾಡುವ ದಾರಿಯನ್ನು ಹಲವು ದೇಶಗಳು ಹಿಡಿದವು. ನಮ್ಮಲ್ಲಿ ಆ ದಾರಿ ಇಲ್ಲ. ನಮ್ಮ ಕೈಯಲ್ಲಿರುವುದು ಕರುವಿಗೆ ಲಸಿಕೆ, ರೋಗದ ಪ್ರಾಣಿಯನ್ನು ಬೇರೆ ಕಟ್ಟುವುದು, ಹೊಸ ಪ್ರಾಣಿಯನ್ನು ಪರೀಕ್ಷಿಸಿ ತರುವುದು. ಹಾಗಾಗಿ ಎಲ್ಲಿಂದ ಬಂತು ಎಂಬ ಉತ್ತರಕ್ಕೆ ಇಲ್ಲಿ ಬೇರೆಡೆಗಿಂತ ಹೆಚ್ಚು ಬೆಲೆ. ಬಾಗಿಲು ಯಾವುದೆಂದು ತಿಳಿದರೆ ಮುಚ್ಚಬಹುದು.

ಮಾರ್ಕರ್‌ಗಳು ಕೊಂಡು ತಂದ ಹಸುವಿನತ್ತ ಬೊಟ್ಟು ಮಾಡಿದರೆ ಆ ಮನೆಗೆ ಹೇಳಬೇಕಾದದ್ದು: ಇನ್ನು ಮುಂದೆ ತಂದ ಹಸುವನ್ನು ಪರೀಕ್ಷೆ ಮುಗಿಯುವವರೆಗೆ ಬೇರೆ ಕಟ್ಟಿ. ಹಬ್ಬುವಿಕೆ ಒಂದೇ ಮಂದೆಯೊಳಗೆ ಸುತ್ತುತ್ತಿದೆ ಎಂದಾದರೆ: ಕರು ಹಾಕುವ ಜಾಗ ಬೇರೆ ಮಾಡಿ, ಮಾಸನ್ನೂ ಕಂದನ್ನೂ ನಾಯಿಗಳು ಎಳೆಯದಂತೆ ಸುಣ್ಣ ಹಾಕಿ ಆಳದಲ್ಲಿ ಹೂಳಿ, ನಂಜುನಾಶಕದಿಂದ ನೆಲ ತೊಳೆಯಿರಿ. ಬೆದೆಗೆ ಬಿಡುವ ಹೋರಿಯ ಮೇಲೆ ಅನುಮಾನವಿದ್ದರೆ: ಆ ಹೋರಿಯನ್ನು ನಿಲ್ಲಿಸಿ ಕೃತಕ ಗರ್ಭಧಾರಣೆ ಮಾಡಿಸಿ. ಕುರಿ ಮಂದೆಯಿಂದ ದಾಟಿದ್ದಾದರೆ ಮಂದೆಯವರನ್ನು ದೂರುವ ಮೊದಲು ಅವರ ಜೊತೆ ಕೂತು ಮಾತಾಡಿ. ಈಯುವ ಕಾಲದಲ್ಲಿ ಹಸು ಮೇಯುವ ಬಯಲು ಬೇರೆ ಇರುವಂತೆ ಇಬ್ಬರೂ ಒಪ್ಪಬಹುದು. ಜೆಲ್ಲಿನ ಚಿತ್ರ ತೋರಿಸಿ, ಗೆರೆಗಳ ಅರ್ಥ ಹೇಳಿ. ಓದುಬಾರದವರಿಗೂ ಎರಡು ಗೆರೆ ಒಂದೇ ಮಟ್ಟದಲ್ಲಿವೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

15. ಉಳಿದ ಡಿಎನ್‌ಎಯನ್ನು ಕಾಪಾಡಿ

1994ರಲ್ಲಿ ಪ್ರಭೇದವಷ್ಟೇ ಹೇಳಬಲ್ಲವರಾಗಿದ್ದೆವು. ಹತ್ತೇ ವರ್ಷದಲ್ಲಿ ಮಂದೆ ಮಂದೆಯ ನಡುವಿನ ವ್ಯತ್ಯಾಸ ಎಣಿಸುವಂತಾಯಿತು, ಈಗ ಇಡೀ ಜೀನೋಮ್. ಇಂದು 'ಒಂದೇ' ಎಂದು ಬಂದ ಎರಡು ಮಾದರಿಗಳು ನಾಳಿನ ವಿಧಾನದಲ್ಲಿ ಬೇರೆಯಾಗಬಹುದು. ಪ್ರತಿ ಡಿಎನ್‌ಎಯನ್ನೂ ಎರಡು ಪಾಲು ಮಾಡಿ. ಒಂದು ಪಾಲನ್ನು ಬಳಸಿ, ಇನ್ನೊಂದನ್ನು ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ, ಸಾಧ್ಯವಾದರೆ ಬೇರೆ ಸಂಸ್ಥೆಯಲ್ಲಿ, ಇಡಿ. ಎಂಎಲ್‌ವಿಎ ಸಂಖ್ಯೆಗಳನ್ನೂ ಜೀನೋಮ್ ಓದನ್ನೂ ಎಲ್ಲರಿಗೂ ಸಿಗುವ ಕೋಶಗಳಿಗೆ ಸೇರಿಸಿ. ಪ್ರಾಣಿ, ತಿಂಗಳು, ತಾಲ್ಲೂಕಿನ ವಿವರ ಜೊತೆಗಿರಲಿ. ಮನೆಯವರ ಗುರುತು ನಿಮ್ಮ ಬೀಗದ ಕಪಾಟಿನಲ್ಲಿ ಬೇರೆ ನೋಟುಪುಸ್ತಕದಲ್ಲಿರಲಿ. ಆ ಪುಸ್ತಕದ ಒಂದು ಪ್ರತಿಯನ್ನು, ವರ್ಗವಾಗಿ ಹೋಗುವ ಮುನ್ನ, ನಿಮ್ಮ ಜಾಗಕ್ಕೆ ಬರುವವರ ಕೈಗೆ ನೀವೇ ಕೊಟ್ಟು, ಯಾವ ಚೀಟಿ ಯಾವ ನಳಿಕೆಯದೆಂದು ಎದುರಿಗೆ ಕೂರಿಸಿಕೊಂಡು ತೋರಿಸಿ.